ಬ್ಯಾಟರಿ ನೇಗಿಲು

ಮೊದಲಿಗೇ ಹೇಳಿಬಿಡುತ್ತೇನೆ, ನಮ್ಮದು ತೋಟವಲ್ಲ, ಹಿತ್ತಿಲು. ಪುಣೆಯಂಥ ಊರಿನಲ್ಲಿ ಎಕರೆಗಟ್ಟಲೆ ಜಮೀನಿರುವ ಭಾಗ್ಯವಂತ ಓದುಗರು ಯಾರಾದರೂ ಇದ್ದರೆ ಅವರು ಈ ಪುಟ ಮಗುಚಿ ಮುಂದಕ್ಕೆ ಹೋಗಬಹುದು. ನನ್ನ ಮಾತೇನಿದ್ದರೂ ರೋಹೌಸಿನ ಹಿಂದೆ, ಬಂಗಲೆಯ ಮಗ್ಗುಲಲ್ಲಿ, ಸೊಸೈಟಿಯ ನೆಲಮಹಡಿಯ ಮುಂದೆ ಒಂದಿಷ್ಟು ಮಣ್ಣು ಇಟ್ಟುಕೊಂಡವರ ಜೊತೆ. ನಮ್ಮ ಹಿತ್ತಿಲು 12 ಅಡಿ ಅಗಲ, 20 ಅಡಿ ಉದ್ದ. ಕರಿಬೇವು, ನಿಂಬೆ, ಬಟ್ಟೆ ಒಣಹಾಕುವ ತಂತಿ, ನೀರಿನ ಮೀಟರು ಇವೆಲ್ಲ ತಮ್ಮ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ನಾಲ್ಕು ಮಡಿ. ಒಂದರಲ್ಲಿ ಮೆಂತ್ಯ, ಒಂದರಲ್ಲಿ ಪಾಲಕ, ಒಂದರಲ್ಲಿ ಮೂಲಂಗಿ. ನಾಲ್ಕನೆಯದು ಮುಳಗಾಯಿಗೆ ಮೀಸಲು. ಇಲ್ಲಿಯವರು ಸುಟ್ಟು ಭರೀತ ಮಾಡುವ ದೊಡ್ಡ ಬದನೆಯಲ್ಲ, ಎಣ್ಣೆಗಾಯಿಗೆ ಬೇಕಾಗುವ ನಮ್ಮ ಕಡೆಯ ಸಣ್ಣ ಮುಳಗಾಯಿ.

ಈ ನಾಲ್ಕು ಮಡಿಗೆ ಒಂದು ಯಂತ್ರವೇ ಎಂದು ನೀವು ಹುಬ್ಬೇರಿಸುತ್ತೀರಿ, ಗೊತ್ತು. ನಮ್ಮ ಯಜಮಾನರೂ ಏರಿಸಿದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆ ದುಡ್ಡಿನಲ್ಲಿ ನಾವಿಬ್ಬರೂ ಎರಡು ವರ್ಷ ಮಂಡಿಯ ಮೆಂತ್ಯವನ್ನೇ ಕೊಂಡು ತಿನ್ನಬಹುದಿತ್ತು. ಆದರೆ ಪೇಟೆಯ ದರ ಹಿಡಿದು ಹಿತ್ತಿಲು ಮಾಡಿದವರು ಯಾರಿದ್ದಾರೆ ಹೇಳಿ? ಸೊಂಟದ ಲೆಕ್ಕವೇ ಬೇರೆ. ಅರವತ್ತು ದಾಟಿದ ಮೇಲೆ ಗುದ್ದಲಿ ಎತ್ತಿದ ದಿನ ರಾತ್ರಿ ಮಗ್ಗುಲು ಹೊರಳುವುದಕ್ಕೂ ದೇವರನ್ನು ನೆನೆಯಬೇಕಾಗುತ್ತದೆ.

ಅಂಗಡಿಯಲ್ಲಿ ಅದರ ಹೆಸರು 'ಕಾರ್ಡ್‌ಲೆಸ್ ಟಿಲ್ಲರ್'. ಪ್ಲಗ್ಗಿನಿಂದ ವಯರು ಎಳೆಯಬೇಕಾಗಿಲ್ಲ, ಪೆಟ್ರೋಲಿನ ಹೊಗೆಯಿಲ್ಲ. ಬ್ಯಾಟರಿಯ ಮೇಲೆ ಓಡುತ್ತದೆ. ಉದ್ದನೆಯ ಹಿಡಿ, ಬುಡದಲ್ಲಿ ಮೋಟಾರು, ಅದರ ಕೆಳಗೆ ಬಾಗಿದ ಹಲ್ಲುಗಳ ನಾಲ್ಕು ಚಕ್ರ. ಸುರಕ್ಷತೆಯ ಗುಂಡಿ ಒತ್ತಿಕೊಂಡು ಸ್ವಿಚ್ಚು ಹಿಡಿದರೆ ತಿರುಗುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ. ಹಲ್ಲುಗಳು ಮುಂದಕ್ಕೆ ಓಡಲು ನೋಡುತ್ತವೆ. ನಾವು ಹಿಂದಕ್ಕೆ ಜಗ್ಗಿ ಹಿಡಿದಷ್ಟೂ ಆಳಕ್ಕೆ ಇಳಿಯುತ್ತವೆ. ತವಕದ ಹೋರಿಯ ಹಗ್ಗ ಹಿಡಿದವರಿಗೆ ಇದು ತಾನಾಗಿ ತಿಳಿಯುತ್ತದೆ. ಒಂದೇ ಸಲಕ್ಕೆ ಗೇಣಿನಷ್ಟು ಇಳಿಸಲು ಹೋಗಬಾರದು. ಮೊದಲ ಸುತ್ತಿಗೆ ಎರಡು ಬೆರಳು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಆದಷ್ಟು. ಪೆಟ್ಟಿಗೆಯ ಮೇಲೆ 20 ಸೆಂಟಿಮೀಟರ್ ಎಂದು ಬರೆದಿರುವುದು ಮೊದಲೇ ಸಡಿಲಾಗಿರುವ ಮಣ್ಣಿನ ಮಾತು. ನಮ್ಮಲ್ಲಿ 12 ಇಳಿದರೆ ಪುಣ್ಯ. ಸೊಪ್ಪಿಗೆ ಅಷ್ಟು ಸಾಕು. ಮೂಲಂಗಿಗೆ ಸಾಲದು, ಆ ಮಡಿಗೆ ಸಲಿಕೆಯೇ ಗತಿ.

ಇನ್ನು ಶಕ್ತಿಯ ವಿಷಯ. ನಮ್ಮ ಬ್ಯಾಟರಿ 20 ವೋಲ್ಟಿನದು, 4 ಆಂಪಿಯರ್-ಅವರಿನದು. ಗುಣಿಸಿದರೆ 80 ವಾಟ್-ಅವರ್. ಗಟ್ಟಿಮುಟ್ಟಾದ ಆಳು ದಿನವಿಡೀ ದುಡಿಯುವಾಗ ಸರಾಸರಿ ಸುಮಾರು 75 ವಾಟ್ ಶಕ್ತಿ ಹಾಕುತ್ತಾನೆ ಎಂದು ಇಂಜಿನಿಯರಿಂಗಿನವರ ಲೆಕ್ಕ. ಅಂದರೆ ಒಂದು ಕೈಯಲ್ಲಿ ಎತ್ತಬಹುದಾದ ಆ ಕಪ್ಪು ಡಬ್ಬಿಯೊಳಗೆ ಒಬ್ಬ ಆಳಿನ ಒಂದು ತಾಸಿನ ದುಡಿಮೆಯನ್ನು ಮಡಚಿ ಇಟ್ಟಂತಾಯಿತು. ಅದನ್ನು ಮತ್ತೆ ತುಂಬಿಸಲು ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲು ಕರೆಂಟು, ಹೆಚ್ಚೆಂದರೆ ಒಂದೆರಡು ರೂಪಾಯಿ. ಈ ಲೆಕ್ಕವನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಕೂಲಿಯ ಮಾತು ಬಂದಾಗ ಇದು ಬೇಕಾಗುತ್ತದೆ.

ತಿರುಗುವ ಹಲ್ಲಿನಿಂದ ನೆಲ ಉಳುವ ಉಪಾಯ ಹೊಸದಲ್ಲ. 1912ರಲ್ಲಿ ಆಸ್ಟ್ರೇಲಿಯಾದ ಗಿಲ್‌ಗಾಂಡ್ರಾ ಎಂಬಲ್ಲಿ ಆರ್ಥರ್ ಕ್ಲಿಫರ್ಡ್ ಹೊವರ್ಡ್ ಎಂಬ ತರುಣ ತನ್ನ ತಂದೆಯ ಹೊಲದಲ್ಲಿ ಇದರ ಪ್ರಯೋಗ ಶುರುಮಾಡಿದ. ಅವನ ಮೊದಲ ಯಂತ್ರ ಮಣ್ಣನ್ನು ಪಕ್ಕಕ್ಕೆ ಎಸೆಯುತ್ತಿತ್ತಂತೆ. ಅಲಗನ್ನು ಇಂಗ್ಲಿಷಿನ 'ಎಲ್' ಅಕ್ಷರದಂತೆ ಬಗ್ಗಿಸಿದ ಮೇಲೆ ಸರಿಹೋಯಿತು. 1920ರಲ್ಲಿ ಪೇಟೆಂಟ್ ಪಡೆದ. ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಪವರ್ ಟಿಲ್ಲರು ಓಡಾಡುವುದನ್ನು ಕಂಡವರಿಗೆ ಈ ವಂಶ ಪರಿಚಿತವೇ. ಬ್ಯಾಟರಿಯದು ಅದೇ ವಂಶದ ಕೊನೆಯ ಕೂಸು.

ಹೊಸ ಉಪಕರಣ ಕಂಡು ಹೆದರುವುದೂ ಹಳೆಯ ಕಥೆಯೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆಂದು ರೈತರು ಅದನ್ನು ಮುಟ್ಟಲಿಲ್ಲವಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಬೆಳಗಾವಿ ಬಿಟ್ಟು 1910ರಲ್ಲಿ ಅವರು ಕಿರ್ಲೋಸ್ಕರವಾಡಿ ಕಟ್ಟಿದ್ದು, ಆ ಹೆಸರು ಪುಣೆಯಲ್ಲಿ ಬೇರೂರಿದ್ದು ನಿಮಗೆಲ್ಲ ಗೊತ್ತಿರುವ ಸಂಗತಿ. ನಾನು ಅದನ್ನು ಇಲ್ಲಿ ತಂದದ್ದು ರೈತರನ್ನು ನಗುವುದಕ್ಕಲ್ಲ. ಎರಡು ವರ್ಷ ಕಾದು ನೋಡಿದವರು ದಡ್ಡರೆಂದು ನನಗೆ ಯಾವತ್ತೂ ಅನಿಸಿಲ್ಲ. ಹೊಲ ಒಂದು ಸಲ ಕೆಟ್ಟರೆ ಅಂಗಡಿಗೆ ಹಿಂದಿರುಗಿಸಲು ಬರುವುದಿಲ್ಲವಲ್ಲ.

ಪುಣೆಯ ಹಿತ್ತಿಲ ಮಣ್ಣು ಎಂಥದು ಎಂದು ಕೇಳಿದರೆ, ಪದರ ಪದರವಾಗಿ ಹೇಳಬೇಕು. ಮೇಲೆ ಯಾರೋ ದುಡ್ಡು ಕೊಟ್ಟು ಹಾಕಿಸಿದ ಒಂದು ಗೇಣು ಕೆಂಪು ಮಣ್ಣು. ಅದರ ಕೆಳಗೆ ಕಪ್ಪು ಮಣ್ಣು. ಅದರ ಕೆಳಗೆ ಮುರುಮು. ಈ ಮೂರರ ನಡುನಡುವೆ ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು, ಟೈಲ್ಸು, ಸಿಮೆಂಟಿನ ಗಡ್ಡೆ, ಒಮ್ಮೊಮ್ಮೆ ಚಪ್ಪಲಿ. ನಮ್ಮಲ್ಲಿ ಕೆಂಪು ಮಣ್ಣು ಮಳೆಗೆ ತೊಳೆದುಹೋಗಿ ಕಪ್ಪೇ ಮೇಲೆ ಬಂದಿದೆ. ವಿಜಾಪುರ, ಗದಗಿನ ಕಡೆಯಿಂದ ಬಂದವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇದು ನಮ್ಮ ಎರೆಯೇ. ನಮ್ಮ ಅಜ್ಜಿ ಹೊಲಗಳನ್ನು ಎರಡೇ ಜಾತಿ ಮಾಡಿದ್ದಳು, ಎರೆ ಮತ್ತು ಮಸಾರಿ. ಮಸಾರಿ ಹೊಲ ಮಳೆಯಾದ ಮರುದಿನವೇ ಕಾಲಿಡಲು ಬಿಡುತ್ತದೆ. ಎರೆ ಬಿಡುವುದಿಲ್ಲ. ಒದ್ದೆಯಾದಾಗ ಉಬ್ಬಿ ಕಾಲಿಗೆ ಸೇರುಗಟ್ಟಲೆ ಅಂಟಿಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಕೈ ತೂರಿಸುವಷ್ಟು ಬಿರಿಯುತ್ತದೆ. ಬೇಸಿಗೆಯಲ್ಲಿ ಮೇಲಿನ ಪುಡಿ ಆ ಬಿರುಕಿಗೆ ಬೀಳುತ್ತದೆ, ಮಳೆಗೆ ನೆಲ ಉಬ್ಬಿದಾಗ ಕೆಳಗಿನದು ಮೇಲಕ್ಕೆ ನೂಕಲ್ಪಡುತ್ತದೆ. ಹೀಗೆ ತನ್ನನ್ನು ತಾನೇ ಉಳುವ ಮಣ್ಣು ಇದು. ವಿಜ್ಞಾನಿಗಳು ಇದಕ್ಕೆ 'ವರ್ಟಿಸಾಲ್' ಎಂದು ಹೆಸರಿಟ್ಟದ್ದು, ತಿರುವುದು ಎಂಬರ್ಥದ ಲ್ಯಾಟಿನ್ ಮಾತಿನಿಂದ.

ಇಂಥ ಮಣ್ಣಿಗೆ ಯಂತ್ರ ಇಳಿಸುವಾಗ ಎಲ್ಲವೂ ನಿಂತಿರುವುದು ಒಂದೇ ಮಾತಿನ ಮೇಲೆ: ಹದ. ಹೆಚ್ಚು ಒದ್ದೆಯಿದ್ದಾಗ ಹಲ್ಲು ತಿರುಗಿಸಿದರೆ ಮಣ್ಣು ಪುಡಿಯಾಗುವುದಿಲ್ಲ, ಉಂಡೆಯಾಗುತ್ತದೆ. ಉಂಡೆ ಒಣಗಿದರೆ ಇಟ್ಟಿಗೆ. ಅಷ್ಟೇ ಅಲ್ಲ, ಹಲ್ಲಿನ ತುದಿ ತಾಗುವ ಆಳದಲ್ಲಿ ಮಣ್ಣು ಸಾರಿಸಿದಂತಾಗಿ ಒಂದು ಹೆಪ್ಪು ಕೂಡುತ್ತದೆ. ಬೇರು ಅದನ್ನು ದಾಟಲು ಹೆಣಗುತ್ತದೆ, ನೀರು ಅದರ ಮೇಲೆ ನಿಲ್ಲುತ್ತದೆ. ಪೂರಾ ಒಣಗಿದ ಮೇಲೆ ಇಳಿಸಿದರೆ ಯಂತ್ರ ನೆಲದ ಮೇಲೆ ಕುಣಿಯುತ್ತದೆ, ಬ್ಯಾಟರಿ ಹತ್ತು ನಿಮಿಷಕ್ಕೆ ಬಿಸಿಯಾಗಿ ಕೂತುಬಿಡುತ್ತದೆ. ಈ ಎರಡರ ನಡುವೆ ಎರೆಮಣ್ಣು ಕೊಡುವ ಅವಕಾಶ ಕೆಲವೇ ದಿನ. ನೋಡುವ ರೀತಿ ಸುಲಭ: ನಾಲ್ಕು ಬೆರಳಿನ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟದಿದ್ದರೆ ಒಣಗಿದೆ. ಕಟ್ಟಿದರೆ ಸೊಂಟದ ಎತ್ತರದಿಂದ ನೆಲಕ್ಕೆ ಬಿಡಿ. ಬಿದ್ದು ಹರಳು ಹರಳಾಗಿ ಒಡೆದರೆ ಹದ. ಹಾಗೇ ಚಪ್ಪಟೆಯಾಗಿ ಕೂತರೆ ಇನ್ನೂ ಕಾಯಿರಿ.

ರೀತಿ ಸುಲಭ, ನಿಜ. ಆದರೆ ಇಡೀ ಹಿತ್ತಿಲು ಒಂದೇ ದಿನ ಹದಕ್ಕೆ ಬರುವುದಿಲ್ಲ. ಗೋಡೆಯ ನೆರಳಿನ ಮಡಿ ಬೇರೆ, ಬಿಸಿಲಿನ ಮಡಿ ಬೇರೆ. ಇಲ್ಲಿ ನಮ್ಮ ಮಾಲಿಕಾಕಾ ಬರುತ್ತಾರೆ.

ಕಾಕಾ ಮರಾಠವಾಡೆಯವರು. ಊರಲ್ಲಿ ಒಂದಿಷ್ಟು ಹೊಲವಿತ್ತು. ನೀರಿಲ್ಲದ ವರ್ಷಗಳಲ್ಲಿ ಪುಣೆಗೆ ಬಂದು ಮಾಲಿಯಾದರು. ನಮ್ಮ ಓಣಿ ಮತ್ತು ಅದರ ಹಿಂದಿನ ಓಣಿ ಸೇರಿ ಹದಿನಾಲ್ಕು ಮನೆ ನೋಡುತ್ತಾರೆ. ಮಣ್ಣು ಮುಟ್ಟುವುದಕ್ಕಿಂತ ಮೊದಲು ಅವರು ಅಂಗಾಲಿನಿಂದ ನೋಡುತ್ತಾರೆ, ಚಪ್ಪಲಿ ಬಿಟ್ಟು ಮಡಿಯ ಅಂಚಿನ ಮೇಲೆ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ 'ವಾಫಸಾ ಬಂದಿಲ್ಲ ತಾಈ' ಎನ್ನುತ್ತಾರೆ, ಇಲ್ಲವೇ 'ಬಂತು' ಎನ್ನುತ್ತಾರೆ. ಮರಾಠಿಯ ಈ ವಾಫಸಾ ಎಂಬುದು ನಮ್ಮ ಹದವೇ. ಮಣ್ಣಿನಲ್ಲಿ ನೀರೂ ಗಾಳಿಯೂ ಜೊತೆಜೊತೆಗೆ ಇರುವ ಸ್ಥಿತಿ. ಸುಭಾಷ್ ಪಾಳೇಕರರ ನೈಸರ್ಗಿಕ ಕೃಷಿಯ ಶಿಬಿರಗಳ ಮೂಲಕ ಈ ಮಾತು ಕರ್ನಾಟಕದ ರೈತರ ಬಾಯಿಗೂ ಬಂದಿದೆ. ನಮ್ಮ ಮಾತಿಗೆ ಒಂದು ಹೆಚ್ಚುಗಾರಿಕೆ ಇದೆಯೆಂದು ನನ್ನ ಅಭಿಮಾನ. ಹದ ಮಣ್ಣಿಗೂ ಇದೆ, ಬೆಲ್ಲದ ಪಾಕಕ್ಕೂ ಇದೆ, ಮಾತಿಗೂ ಇದೆ. ಆದರೆ ಈ ಅಭಿಮಾನವನ್ನು ಕಾಕಾನ ಮುಂದೆ ಪ್ರದರ್ಶಿಸಲು ಹೋಗಿಲ್ಲ. ಅವರ ಅಂಗಾಲಿಗೆ ಗೊತ್ತಿರುವುದು ನನ್ನ ನಾಲಗೆಗೆ ಮಾತ್ರ ಗೊತ್ತು.

ಯಂತ್ರದ ಪೆಟ್ಟಿಗೆ ಬಿಚ್ಚಿದ ದಿನ ಕಾಕಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಲ್ಲು ಮುಟ್ಟಿ ನೋಡಿದರು. ಎತ್ತಿ ತೂಕ ನೋಡಿದರು. ಆಮೇಲೆ ತಲೆ ಎತ್ತದೆ, 'ಮತ್ತೆ ನಾನು ಬರಬೇಕೋ ಬೇಡವೋ?' ಎಂದು ಕೇಳಿದರು.

ನೀವು ಯಾವುದೇ ಮನೆಗೆ ಯಾವುದೇ ಯಂತ್ರ ತಂದಿರಲಿ, ಈ ಪ್ರಶ್ನೆಯನ್ನು ಯಾರೋ ಒಬ್ಬರು ಕೇಳುತ್ತಾರೆ, ಅಥವಾ ಕೇಳದೆ ನುಂಗಿಕೊಳ್ಳುತ್ತಾರೆ. ಬಟ್ಟೆ ಒಗೆಯುವ ಯಂತ್ರ ಬಂದಾಗ ಕೇಳದೆ ಹೋದವಳ ಮುಖ ನನಗೆ ಇನ್ನೂ ನೆನಪಿದೆ. ಕಾಕಾನ ಬಲಭುಜ ಎರಡು ವರ್ಷದಿಂದ ನೋಯುತ್ತಿದೆ, ಗುದ್ದಲಿ ತಲೆಯ ಮೇಲೆ ಎತ್ತಲು ಆಗುವುದಿಲ್ಲ. ಅಗೆತದ ದಿನ ಜೊತೆಗೆ ಒಬ್ಬ ಹುಡುಗನನ್ನು ಕರೆತಂದು ತಮ್ಮ ಅರ್ಧ ದಿನದ 600 ರೂಪಾಯಿಯಲ್ಲಿ ಅವನಿಗೆ ಅರ್ಧ ಕೊಡುತ್ತಿದ್ದರು. ಹಾಗಾಗಿ ನನಗೆ ಉತ್ತರ ಹುಡುಕಬೇಕಾಗಲಿಲ್ಲ. 'ಇದು ನನಗೆ ವರ್ಷಕ್ಕೆ ನಾಲ್ಕು ದಿನ ಬೇಕು ಕಾಕಾ, ಉಳಿದ ದಿನ ನೀವು ಓಡಿಸಿ' ಎಂದೆ.

ಔದಾರ್ಯದ ಮಾತಲ್ಲ ಇದು, ಲೆಕ್ಕದ ಮಾತು. ನಾಲ್ಕು ಮಡಿಗೆ ಒಂದು ಸಲಕ್ಕೆ ನಲವತ್ತು ನಿಮಿಷ, ಎರಡು ಬ್ಯಾಟರಿ. ವರ್ಷದಲ್ಲಿ ನಾಲ್ಕು ಸಲವೆಂದರೂ ಮೂರು ತಾಸು ಆಗುವುದಿಲ್ಲ. ಉಳಿದ ಕಾಲ ಯಂತ್ರ ಜಿನ್ನೆಯ ಕೆಳಗೆ ಜೇಡರ ಬಲೆ ಕಟ್ಟಿಸಿಕೊಳ್ಳುತ್ತದೆ. ಒಂದು ಓಣಿಯಲ್ಲಿ ಹತ್ತು ಮನೆಯವರು ಹತ್ತು ಟಿಲ್ಲರು ಕೊಂಡರೆ ಅದು ನನಗೆ ಹುಚ್ಚಾಗಿ ಕಾಣುತ್ತದೆ. ಲಿಥಿಯಂ ಬ್ಯಾಟರಿ ಉಪಯೋಗಿಸದೆ ಇಟ್ಟರೂ ಮೆಲ್ಲಗೆ ಮುದಿಯಾಗುತ್ತದೆ. ಪೂರಾ ತುಂಬಿಸಿ ಬಿಸಿಯಲ್ಲಿಟ್ಟರೆ ಇನ್ನೂ ಬೇಗ. ಅರ್ಧದಷ್ಟು ತುಂಬಿಸಿ ತಂಪಿನಲ್ಲಿಡಬೇಕು. ದುಡಿದು ಬಂದ ಕೂಡಲೇ ಚಾರ್ಜಿಗೆ ಹಾಕದೆ ಆರಲು ಬಿಡಬೇಕು. ಪುಣೆಯ ಏಪ್ರಿಲ್, ಮೇ ತಿಂಗಳಲ್ಲಂತೂ ಈ ಎಚ್ಚರ ಬೇಕೇ ಬೇಕು.

ಕಾಕಾ ಒಂದು ದಿನ ಯೋಚಿಸಿ ಬಂದು ತಮ್ಮ ಷರತ್ತು ಹೇಳಿದರು. ಪುಕ್ಕಟೆ ತೆಗೆದುಕೊಳ್ಳುವುದಿಲ್ಲ, ಯಂತ್ರಕ್ಕೆ ಬದಲಾಗಿ ನಮ್ಮ ನಾಲ್ಕು ಮಡಿಯ ಅಗೆತ ಅವರ ಲೆಕ್ಕಕ್ಕೆ. ನನಗೆ ಊರಿನ ಮುಯ್ಯಿ ನೆನಪಾಯಿತು. ಇವತ್ತು ನಿನ್ನ ಹೊಲಕ್ಕೆ ನನ್ನ ಎತ್ತು, ನಾಳೆ ನನ್ನ ಹೊಲಕ್ಕೆ ನಿನ್ನ ಆಳು. ಅವರ ಕಡೆ ಇದಕ್ಕೆ ಹತ್ತಿರದ್ದು ಇರ್ಜಿಕ್, ಊರವರೆಲ್ಲ ನೇಗಿಲು ಕಟ್ಟಿಕೊಂಡು ಒಬ್ಬನ ಹೊಲ ಉತ್ತು ಅವನ ಮನೆಯಲ್ಲಿ ಉಂಡುಹೋಗುವ ಪದ್ಧತಿ. ನಮ್ಮ ಮನೆಯಲ್ಲಿ ಊಟದ ಬದಲು ಚಹಾ ಮತ್ತು ಚುರುಮುರಿ ಸೂಸಲ, ಅಷ್ಟೇ ವ್ಯತ್ಯಾಸ.

ಮೊದಲ ಅಕ್ಟೋಬರ್ ಬಂತು. ಮಳೆ ಹಿಂದೆ ಸರಿದು, ದಸರೆಯ ಆಸುಪಾಸು ಹಿಂಗಾರಿನ ಸೊಪ್ಪು ಬಿತ್ತುವ ಕಾಲ. ಕಾಕಾ ದಿನಾ ಬಂದು ಅಂಗಾಲಿಟ್ಟು ನೋಡಿ ಹೋಗುತ್ತಿದ್ದರು. ಮೂರನೆಯ ದಿನ ಬಿಸಿಲಿನ ಮಡಿ, ಐದನೆಯ ದಿನ ನೆರಳಿನ ಮಡಿ. ಅವರು ಯಂತ್ರಕ್ಕಿಂತ ಮೊದಲು ಒಂದು ಕೆಲಸ ಮಾಡುತ್ತಾರೆ, ಅದನ್ನು ನೀವು ಖಂಡಿತ ಕಲಿಯಬೇಕು: ಕುರ್ಪಿ ಹಿಡಿದು ಜೇಕಿನ ಗಡ್ಡೆ ಮತ್ತು ಕರಿಕಿಯ ಬೇರನ್ನು ಕೈಯಿಂದ ಆರಿಸಿ ತೆಗೆಯುವುದು. ಟಿಲ್ಲರಿನ ಹಲ್ಲು ಕರಿಕಿಯನ್ನು ಕೊಲ್ಲುವುದಿಲ್ಲ, ತುಂಡು ಮಾಡಿ ಹಂಚುತ್ತದೆ. ಒಂದು ಬೇರು ಹತ್ತು ತುಂಡಾದರೆ ಹತ್ತು ಗಿಡ. ಆಮೇಲೆ ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ಚುಚ್ಚಿ ಪೈಪು, ಅರ್ಥಿಂಗಿನ ತಂತಿ, ಟೈಲ್ಸು ಎಲ್ಲಿವೆ ಎಂದು ನೋಡಿಕೊಳ್ಳುತ್ತಾರೆ. ಗಿಡದ ಬುಡದಿಂದ ಎರಡು ಅಡಿ ದೂರ. ಹಲ್ಲಿಗೆ ಹುಲ್ಲೋ ದಾರವೋ ಸುತ್ತಿಕೊಂಡರೆ ಮೊದಲು ಬ್ಯಾಟರಿ ಕಳಚಿ ಪಕ್ಕಕ್ಕಿಟ್ಟು, ಆಮೇಲೆ ಕೈ ಹಾಕುವುದು. ಈ ಕೊನೆಯದನ್ನು ಯಾರೂ ಹೇಳಿಕೊಡಲಿಲ್ಲ ಅವರಿಗೆ. ಎತ್ತಿನ ಕೊರಳ ಹಗ್ಗ ಬಿಚ್ಚದೆ ನೇಗಿಲ ಗುಳ ಸರಿಮಾಡಬಾರದು ಎಂದು ತಿಳಿದವರಿಗೆ ಬೇರೆ ಹೇಳಬೇಕೇ?

ನಮ್ಮ ಹಿಂದಿನ ಓಣಿಯ ಒಬ್ಬರು ಅದೇ ವಾರ, ತಮಗೆ ಶನಿವಾರವೇ ರಜೆ ಎಂದು, ಕಾಕಾ ಬೇಡವೆಂದರೂ ಕೇಳದೆ ಯಂತ್ರ ಇಸಿದುಕೊಂಡು ಒದ್ದೆ ನೆಲದಲ್ಲಿ ಓಡಿಸಿದರು. ಅವರ ಹಿತ್ತಿಲಲ್ಲಿ ಆಮೇಲೆ ಒಂದು ತಿಂಗಳು ಬೇಸನ್ ಉಂಡೆಯಂಥ ಹೆಂಟೆಗಳು ಸಾಲಾಗಿ ಬಿದ್ದಿದ್ದವು. ಪಾಲಕ ಅಲ್ಲೊಂದು ಇಲ್ಲೊಂದು ಎದ್ದಿತು.

ಹಾಗಾದರೆ ಉಳಲೇಬೇಕೇ ಎಂದು ಕೇಳುವವರಿದ್ದಾರೆ. ಉಳದೆಯೇ ಬೆಳೆದ ಜಪಾನಿನ ಫುಕುವೊಕಾ ಅವರ ವಿಚಾರವನ್ನು ತೇಜಸ್ವಿಯವರಂಥವರು ಕನ್ನಡಕ್ಕೆ ತಂದು ಬಹಳ ಕಾಲವಾಯಿತು. ಎರೆಹುಳು, ಬೇರು, ಶಿಲೀಂಧ್ರ ಇವು ಕಟ್ಟಿದ ಮನೆಯನ್ನು ಪದೇಪದೇ ಕೆಡವಬಾರದು ಎಂಬುದು ನನಗೆ ಪೂರ್ತಿ ಒಪ್ಪಿಗೆ. ಹೆಚ್ಚು ಪುಡಿ ಮಾಡಿದ ಮಣ್ಣು ಮೊದಲ ಮಳೆಗೇ ಹೆಪ್ಪುಗಟ್ಟಿ ಮೊಳಕೆಯನ್ನು ಮೇಲೇಳಲು ಬಿಡುವುದಿಲ್ಲ. ಆದರೆ ಗಾರೆ ಕಲಸಿದ ಜಾಗದ ಮೇಲೆ, ಲಾರಿಯ ಗಾಲಿ ಅದುಮಿದ ನೆಲದ ಮೇಲೆ, ಎರೆಹುಳುವೇ ಇಲ್ಲದ ಕಡೆ, ಮೊದಲ ಒಂದೆರಡು ವರ್ಷ ಅಗೆದು ಗೊಬ್ಬರ ಬೆರೆಸದೆ ದಾರಿಯಿಲ್ಲ. ಮುಳಗಾಯಿಯ ಮಡಿಗೆ ನಾವು ಈಗ ಯಂತ್ರ ಇಳಿಸುವುದನ್ನು ಬಿಟ್ಟಿದ್ದೇವೆ. ಒಣ ಎಲೆ ಹೊದಿಸಿದರೆ ಸಾಕಾಗಿದೆ. ಎಲೆ ಸರಿಸಿದರೆ ಹುಳುಗಳು ಕಾಣುತ್ತವೆ. ಸೊಪ್ಪಿನ ಎರಡು ಮಡಿಗೆ ಮಾತ್ರ ಇನ್ನೂ ಬೇಕು. ನಾಲ್ಕು ದಿನದ ಲೆಕ್ಕ ಎರಡಕ್ಕೆ ಇಳಿಯುತ್ತಿದೆ. ಒಳ್ಳೆಯ ಟಿಲ್ಲರು ಎಂದರೆ ವರ್ಷದಿಂದ ವರ್ಷಕ್ಕೆ ಕಡಿಮೆ ಬೇಕಾಗುವ ಟಿಲ್ಲರು ಎಂದು ನನ್ನ ಅಭಿಪ್ರಾಯ. ಮಾರುವವರಿಗೆ ಇದು ರುಚಿಸಲಾರದು.

ಇನ್ನು ಕೂಲಿ. ಕಾಕಾ ಯಂತ್ರವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಉಳಿದ ಮನೆಗಳಿಗೆ ಹೋದರು. ಅರ್ಧ ದಿನದ ಕೆಲಸ ಒಂದು ತಾಸಿನಲ್ಲಿ ಮುಗಿಯಿತು. ಕೆಲಸ ಮುಗಿದ ಮೇಲೆ ಮೊದಲ ಮನೆಯವರು 200 ರೂಪಾಯಿ ಕೈಗಿಟ್ಟರು. 'ಒಂದು ತಾಸಲ್ವಾ ಕಾಕಾ, ಯಂತ್ರ ಮಾಡಿದ್ದು, ನೀವೇನು ಮಾಡಿದ್ದೀರಿ?' ಎರಡನೆಯ ಮನೆಯಲ್ಲೂ ಅದೇ. ಯಾರೂ ಕೆಟ್ಟವರಲ್ಲ. ದೀಪಾವಳಿಗೆ ಕಾಕಾನಿಗೆ ಹೊಸ ಅಂಗಿ ಕೊಡುವವರೇ. ಆದರೆ ಬೆವರು ಕಾಣದಿದ್ದರೆ ಕೆಲಸವೇ ಆಗಿಲ್ಲ ಎಂದುಕೊಳ್ಳುವವರು. ಅದೇ ಮನೆಯ ಯಜಮಾನರು ಕಂಪ್ಯೂಟರಿನ ಮುಂದೆ ಕೂತು ದುಡಿಯುವವರು. ಅವರ ಸಂಬಳದ ದಿನ ಯಾರೂ ಅವರ ಬೆನ್ನು ಮುಟ್ಟಿ ಒದ್ದೆಯಿದೆಯೇ ಎಂದು ನೋಡುವುದಿಲ್ಲ.

ಈಗ ಆ 80 ವಾಟ್-ಅವರಿನ ಲೆಕ್ಕ ನೆನಪು ಮಾಡಿಕೊಳ್ಳಿ. ಭುಜದಿಂದ ಬರುತ್ತಿದ್ದ ಶಕ್ತಿಯ ಬೆಲೆ ಪೇಟೆಯಲ್ಲಿ ಒಂದೆರಡು ರೂಪಾಯಿ. ನಾವು ಇಷ್ಟು ವರ್ಷ ಕೊಟ್ಟ 600 ರೂಪಾಯಿ ಅದಕ್ಕಾಗಿರಲು ಸಾಧ್ಯವೇ ಇಲ್ಲ. ಐದು ದಿನ ಬಂದು ಅಂಗಾಲಿಟ್ಟು ನೋಡಿದ್ದಕ್ಕೆ, ಜೇಕಿನ ಗಡ್ಡೆ ಆರಿಸಿದ್ದಕ್ಕೆ, ಇವತ್ತು ಬೇಡ ಎಂದು ಹೇಳಿ ಹೊರಟುಹೋದ ದಿನಗಳಿಗೆ ಕೊಟ್ಟದ್ದು ಅದು. ಆ ಕೆಲಸ ಯಂತ್ರ ಬಂದ ಮೇಲೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಇದನ್ನು ನಾನು ನಮ್ಮ ಸೊಸೈಟಿಯ ಹಳದಿ-ಕುಂಕುಮದ ದಿನ ನನ್ನ ಅರೆಬರೆ ಮರಾಠಿಯಲ್ಲಿ ಹೇಳಿದೆ. ಕೆಲವರು ತಲೆಯಾಡಿಸಿದರು. ಒಬ್ಬಾಕೆ, 'ಯಂತ್ರ ನಿಮ್ಮದು, ಅದಕ್ಕೇ ಹೀಗೆ ಹೇಳುತ್ತೀರಿ' ಎಂದರು. ಇರಬಹುದು.

ಕಾಕಾ ನನ್ನ ಭಾಷಣಕ್ಕೆ ಕಾಯಲಿಲ್ಲ. ಅವರು ತಾಸಿನ ಲೆಕ್ಕ ಬಿಟ್ಟು ಮಡಿಯ ಲೆಕ್ಕ ಹಿಡಿದಿದ್ದಾರೆ: ಒಂದು ಮಡಿಗೆ 150 ರೂಪಾಯಿ, ಗುದ್ದಲಿಯಾದರೂ ಅಷ್ಟೇ, ಯಂತ್ರವಾದರೂ ಅಷ್ಟೇ, ದಿನ ಯಾವುದೆಂದು ಗೊತ್ತುಮಾಡುವವರು ಅವರೇ. ಅಗೆಯುವ ಹುಡುಗನನ್ನು ಬಿಟ್ಟಿಲ್ಲ; ಅವನಿಗೆ ಈಗ ಜೇಕು ಆರಿಸುವುದನ್ನು ಕಲಿಸುತ್ತಿದ್ದಾರೆ. ಅವರು ನೋಡುವ ಹದಿನಾಲ್ಕು ಮನೆಗಳಲ್ಲಿ ಮಣ್ಣಿನ ಮಡಿ ಇರುವುದು ಒಂಬತ್ತರಲ್ಲಿ, ಉಳಿದವು ಕುಂಡಗಳು. ಆ ಒಂಬತ್ತರಲ್ಲಿ ಆರು ಮನೆಯವರು ಈ ದರಕ್ಕೆ ಒಪ್ಪಿದ್ದಾರೆ. ಇಬ್ಬರು ತಾವೇ ಹೊಸ ಟಿಲ್ಲರು ಕೊಂಡಿದ್ದಾರೆ. ಉಳಿದ ಒಬ್ಬರು ಇನ್ನೂ ಚೌಕಾಸಿ ನಡೆಸಿದ್ದಾರೆ. ಅವರ ಹಿತ್ತಿಲಲ್ಲಿ ಜೇಕು ಮೊಣಕಾಲಿನ ತನಕ ಬಂದಿದೆ.